ಝಂಡಿ ಕಿತ್ತವರು

"ನಿಲ್ಸಿ! ಬೂಧು ಅಂಕಲ್, ಮ್ಯಾಕ್ಸಿ ನಿಲ್ಸಿ!"

ವಾಷ್ಟಿ ಕಿಟಕಿಗೆ ಮೂಗು ಒತ್ತಿಕೊಂಡು ಕಿರುಚಿದಳು. ಶಾಲೆಯ ಮಕ್ಕಳನ್ನು ಮನೆಗೆ ಬಿಡುವ ಮ್ಯಾಕ್ಸಿ ವ್ಯಾನು ಕಿರ್ರೆಂದು ಮುಗ್ಗರಿಸಿ ನಿಂತಿತು. ಹಿಂದಿನ ಸೀಟಿನ ಹುಡುಗನೊಬ್ಬ ತಿನ್ನುತ್ತಿದ್ದ ಡಬಲ್ಸ್ ರೊಟ್ಟಿಯೊಳಗಿನ ಕಡಲೆಯೆಲ್ಲ ಅವನ ಯೂನಿಫಾರ್ಮಿನ ಮೇಲೆ ಚೆಲ್ಲಿತು.

"ಏನಮ್ಮಾ, ವಾಂತಿ ಬರ್ತಿದ್ಯಾ?" ಬೂಧು ಅಂಕಲ್ ಗಾಬರಿಯಿಂದ ಹಿಂದೆ ತಿರುಗಿದರು. "ಸೀಟ್ ಕವರ್ ಹೊಸದು, ಹೊರಗೆ ಹೋಗಿ ಮಾಡು."

"ವಾಂತಿ ಅಲ್ಲ! ಕಳ್ಳ! ಕಳ್ಳ ಸಿಕ್ಕಿಬಿದ್ದ!"

ಅವಳ ಬೆರಳು ತೋರಿಸಿದ ಕಡೆಗೆ ಎಲ್ಲರೂ ನೋಡಿದರು. ವಾಷ್ಟಿಯ ಮನೆಯ ಪಕ್ಕದ ಮನೆ. ದಾಸವಾಳದ ಬೇಲಿಯ ಆಚೆ ಎತ್ತರದ ಒಂದು ಬಿದಿರು. ಅದರ ತುದಿಯಲ್ಲಿ ಕೆಂಪು ಬಟ್ಟೆ ಪಟಪಟ ಹೊಡೆದುಕೊಳ್ಳುತ್ತಿತ್ತು.

"ಅದು ನಮ್ಮ ಆಜೀ ಝಂಡಿ! ಶನಿವಾರ ಕಳೆದುಹೋಯ್ತಲ್ಲ, ಅದೇ!"

ಬಾಗಿಲ ಪಕ್ಕದ ಸೀಟಿನಲ್ಲಿ ಕುಳಿತಿದ್ದ ಕ್ವೇಸಿ ತಟ್ಟನೆ ತಿರುಗಿದ. ಈ ಟರ್ಮ್‌ನಲ್ಲಿ ಹೊಸದಾಗಿ ಶಾಲೆಗೆ ಬಂದ ಹುಡುಗ ಅವನು. ಆ ಪಕ್ಕದ ಮನೆ ಅವನದೇ.

"ಅದು ನಮ್ಮ ಗ್ರ್ಯಾನೀದು," ಎಂದ.

"ಸುಳ್ಳು! ನಿಮಗ್ಯಾಕೆ ಝಂಡಿ? ಝಂಡಿ ನೆಡೋದು ನಾವು. ನೀವು ಚರ್ಚಿಗೆ ಹೋಗೋರು."

"ನಾವೂ ನೆಡ್ತೀವಿ. ಇವತ್ತು ನೆಡ್ತೀನಿ ಅಂತ ಗ್ರ್ಯಾನಿ ಬೆಳಗ್ಗೇನೇ ಹೇಳಿದ್ರು."

"ಕದ್ದಿದ್ದು ಶನಿವಾರ, ನೆಟ್ಟಿದ್ದು ಇವತ್ತು! ಸರಿಹೋಯ್ತಲ್ಲ ಲೆಕ್ಕ!"

"ಓಹೋಹೋ!" ಎಂದು ಹಿಂದಿನ ಸೀಟುಗಳು ಕೂಗಿದವು. ಕ್ವೇಸಿ ಎದ್ದ.  ಬ್ಯಾಗನ್ನು ಹೆಗಲಿಗೆ ಎಸೆದುಕೊಂಡು, ಯಾರ ಮುಖವನ್ನೂ ನೋಡದೆ ಇಳಿದು ಹೋದ.

"ನೋಡಿದ್ರಾ? ಉತ್ತರ ಇಲ್ಲ!" ವಾಷ್ಟಿ ಎಲ್ಲರಿಗೂ ಕೇಳುವಂತೆ ಹೇಳಿದಳು.

"ಏಯ್ ಪೊಲೀಸಮ್ಮ, ನೀನೂ ಇಳೀತೀಯೋ, ಇಲ್ಲಾ ನನ್ನ ಮ್ಯಾಕ್ಸಿಯಲ್ಲೇ ಕೋರ್ಟ್ ನಡೆಸ್ತೀಯೋ?" ಬೂಧು ಅಂಕಲ್ ನಕ್ಕರು. "ಕಳ್ಳನ್ನ ಹಿಡಿದ್ರೆ ಹೇಳು. ಹಾರನ್ ಹೊಡ್ಕೊಂಡು ಇಡೀ ಪೀನಲ್ ಊರಲ್ಲಿ ಮೆರವಣಿಗೆ ಮಾಡಿಸ್ತೀನಿ."

ಉಳಿದವರಿಗೆಲ್ಲ ಅದು ತಮಾಷೆ. ವಾಷ್ಟಿಗೆ ಮಾತ್ರ ತಮಾಷೆಯಾಗಿರಲಿಲ್ಲ. ಅವಳಿಗೆ ಸಿಟ್ಟು ಬಂದರೆ ಮೊದಲು ಕಿವಿ ಬಿಸಿಯಾಗುತ್ತಿತ್ತು, ಆಮೇಲೆ ಕೆನ್ನೆ. ಈಗ ಅಂಗಾಲಿನವರೆಗೂ ಉರಿಯುತ್ತಿತ್ತು.

ಅದು ಅಂತಿಂಥ ಝಂಡಿಯಲ್ಲ.

ಟ್ರಿನಿಡಾಡಿನ ಆ ರಸ್ತೆಯಲ್ಲಿ ಮನೆಯಲ್ಲಿ ಪೂಜೆಯಾದರೆ ಅಂಗಳದ ಮೂಲೆಯಲ್ಲಿ ಬಿದಿರು ನೆಟ್ಟು ಝಂಡಿ ಏರಿಸುತ್ತಾರೆ. ಹನುಮಂತನಿಗೆ ಕೆಂಪು. ಏರಿಸಿದ ಮೇಲೆ ಅದನ್ನು ಯಾರೂ ಕೀಳುವಂತಿಲ್ಲ. ಬಣ್ಣವನ್ನು ಬಿಸಿಲು ತಿನ್ನಬೇಕು, ಬಟ್ಟೆಯನ್ನು ಗಾಳಿ ಹರಿಯಬೇಕು, ಬಿದಿರು ತಾನಾಗಿ ಕೊಳೆತು ಬೀಳಬೇಕು. ಅಲ್ಲಿಯವರೆಗೆ ಮನುಷ್ಯರ ಕೈ ಅದರ ತಂಟೆಗೆ ಹೋಗಬಾರದು. ಇದು ವಾಷ್ಟಿಗೆ ಎ ಬಿ ಸಿ ಡಿ ಬರುವ ಮೊದಲೇ ಗೊತ್ತಿತ್ತು.

ಈ ಬಿದಿರನ್ನು ಆಜಾ ಕಡಿದು ತಂದಿದ್ದರು. ಆಜಾ ಎಂದರೆ ವಾಷ್ಟಿಯ ಅಪ್ಪನ ಅಪ್ಪ. ಹೋದ ವರ್ಷ ಹನುಮ ಜಯಂತಿಗೆ, ಮಂಡಿ ನೋವಿನಲ್ಲಿ ಕುಂಟುತ್ತಲೇ ನದಿಯಂಚಿಗೆ ಹೋಗಿ, ಎಲ್ಲಕ್ಕಿಂತ ನೇರವಾದದ್ದನ್ನು ಹುಡುಕಿ ಹೆಗಲ ಮೇಲೆ ಹೊತ್ತು ತಂದಿದ್ದರು. ನೆಡುವ ಮೊದಲು ಬಿದಿರಿಗೆ ಕೆಂಪು ದಾರ ಸುತ್ತಬೇಕು. ಆಜಾ ಆ ದಾರವನ್ನು ವಾಷ್ಟಿಯ ಕೈಗೆ ಕೊಟ್ಟು, "ನೀನೇ ಸುತ್ತು ಬೇಟಿ, ಬಿಗಿಯಾಗಿ," ಎಂದಿದ್ದರು. ಅವಳು ಸುತ್ತಿ ಸುತ್ತಿ, ಗಂಟಿನ ಮೇಲೆ ಗಂಟು ಹಾಕಿ, ಹಲ್ಲಿನಿಂದ ಕಚ್ಚಿ ಎಳೆದಿದ್ದಳು.

"ಇದೇನು ಗಂಟಾ, ಎಣ್ಣೇಲಿ ಕರಿದ ಪೋಲೂರಿ ಉಂಡೇನಾ?" ಎಂದು ಆಜಾ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. "ಇರ್ಲಿ ಬಿಡು. ಬಿರುಗಾಳಿ ಬಂದ್ರೂ ಇದು ಬಿಚ್ಚಲ್ಲ."

ಆಮೇಲಿನ ಮಳೆಗಾಲದಲ್ಲಿ ಆಜಾ ತೀರಿಕೊಂಡರು. ಝಂಡಿ ನಿಂತೇ ಇತ್ತು. ಅಜ್ಜಿ, ಅಂದರೆ ಆಜಿ, ದಿನಾ ಬೆಳಗ್ಗೆ ಅದರ ಬುಡಕ್ಕೆ ಒಂದು ಲೋಟಾ ನೀರು ಹಾಕಿ, ಮೇಲೆ ನೋಡಿ, "ನಿಮ್ಮ ಮಗ ಇವತ್ತೂ ತಿಂಡಿ ತಿನ್ನದೆ ಓಡಿದ," ಎಂದೋ, "ಮಾವು ಈ ಸಲ ಹುಳಿ," ಎಂದೋ ಹೇಳುತ್ತಿದ್ದರು. ದೇವರ ಹತ್ತಿರ ಮಾತಾಡುತ್ತಿದ್ದಾರೋ ಆಜಾ ಹತ್ತಿರವೋ ಎಂದು ಯಾರೂ ಕೇಳುತ್ತಿರಲಿಲ್ಲ.

ಶನಿವಾರ ಆಜಿ ವಾಷ್ಟಿಯನ್ನು ಕರೆದುಕೊಂಡು ಡೆಬೆಯಲ್ಲಿದ್ದ ಮಗಳ ಮನೆಗೆ ಹೋಗಿದ್ದರು. ಅದೇ ದಿನ ಡ್ಯಾಡಿ ಹೊಸ ಕಾರು ನಿಲ್ಲಿಸುವ ಶೆಡ್‌ಗೆ ಕಾಂಕ್ರೀಟಿನ ಸೂರು ಹಾಕಿಸಿದರು. ಭಾನುವಾರ ಇಬ್ಬರೂ ವಾಪಸು ಬಂದಾಗ ಶೆಡ್ ನಿಂತಿತ್ತು, ಝಂಡಿ ಇರಲಿಲ್ಲ. ಅದು ಇದ್ದ ಮೂಲೆಯಲ್ಲಿ ಕೆದರಿದ ಮಣ್ಣು ಮಾತ್ರ ಇತ್ತು.

"ಖೇಮ್, ಝಂಡಿ ಎಲ್ಲೋ?" ಆಜಿ ಕೇಳಿದ್ದರು.

ಡ್ಯಾಡಿ ಕಾರಿನ ಗಾಜನ್ನು ಒರೆಸುತ್ತಲೇ, "ಏನೋ ಮಾ, ನಾನು ಕೆಲಸದ ಗಡಿಬಿಡೀಲಿದ್ದೆ," ಎಂದಿದ್ದರು. ಆಮೇಲೆ ದಾಸವಾಳದ ಬೇಲಿಯ ಕಡೆಗೆ ಒಮ್ಮೆ ನೋಡಿ, "ಈಗ ರಸ್ತೇಲಿ ಎಂಥೆಂಥೋರೋ ಬಂದು ಸೇರಿದಾರೆ," ಎಂದಿದ್ದರು.

ಅಷ್ಟೇ. ಆದರೆ ವಾಷ್ಟಿಗೆ ಅಷ್ಟು ಸಾಕಾಗಿತ್ತು.

ಈಗ ಮಂಗಳವಾರ. ಮ್ಯಾಕ್ಸಿಯಿಂದ ಇಳಿದು ಗೇಟು ತಳ್ಳಿದರೆ, ಆಜಿ ಕಂಬಗಳ ಮೇಲಿನ ಮನೆಯ ಕೆಳಗೆ ಕಟ್ಟಿದ ಹ್ಯಾಮಕ್‌ನಲ್ಲಿ ಕುಳಿತಿದ್ದರು. ತೂಗಿಕೊಳ್ಳುತ್ತಿರಲಿಲ್ಲ. ಕಣ್ಣು ಆ ಖಾಲಿ ಮೂಲೆಯ ಮೇಲೆಯೇ ಇತ್ತು.

"ಬಂದ್ಯಾ ಬೇಟಿ. ರೋಟಿ ಇದೆ, ಟೊಮೇಟೊ ಚೋಕಾ ಇದೆ. ಕೈ ತೊಳ್ಕೊಂಡು ತಿನ್ನು."

"ನೀನು ತಿಂದ್ಯಾ ಆಜಿ?"

"ತಿಂತೀನಿ ಬಿಡು."

ಅಂದರೆ ತಿಂದಿಲ್ಲ. ಭಾನುವಾರದಿಂದ ಇದೇ ಕತೆ. ಒಂದು ತುತ್ತು ಮುರಿಯುವುದು, ತಟ್ಟೆಯಲ್ಲೇ ಬಿಡುವುದು. ವಾಷ್ಟಿ ಬ್ಯಾಗನ್ನು ನೆಲಕ್ಕೆ ಬಿಸಾಡಿದಳು. ಆ ಮನೆಯವರು ಮಜವಾಗಿ ಝಂಡಿ ಹಾರಿಸಿಕೊಂಡು ಕುಳಿತಿದ್ದಾರೆ, ಇಲ್ಲಿ ನನ್ನ ಆಜಿ ಹಸಿದುಕೊಂಡು ಕುಳಿತಿದ್ದಾರೆ! ಆಜಿಗೆ ಹೇಳಿದರೆ 'ಬೇಡ ಬಿಡು' ಅನ್ನುತ್ತಾರೆ. ಡ್ಯಾಡಿ ಬರುವವರೆಗೆ ಕಾಯಬೇಕು. ಕಾಯುವುದು ವಾಷ್ಟಿಯ ಜಾಯಮಾನವೇ ಅಲ್ಲ.

ಬೇಲಿಯಲ್ಲಿ ನಾಯಿ ನುಸುಳುವಷ್ಟು ಕಂಡಿ ಇತ್ತು. ನಾಯಿ ನುಸುಳಿದರೆ ತಾನೂ ನುಸುಳಬಹುದು ಎಂದು ಅವಳು ನುಗ್ಗಿಯೇ ಬಿಟ್ಟಳು. ತೋಳಿಗೆ ಗೀರು ಬಿತ್ತು. ಲೆಕ್ಕಕ್ಕೆ ಇಡಲಿಲ್ಲ.

ಬಿದಿರಿನ ಬುಡದಲ್ಲಿ ಹಿತ್ತಾಳೆಯ ಲೋಟಾ ಇತ್ತು. ಅದರೊಳಗೆ ನೀರು, ನೀರಿನಲ್ಲಿ ಹೂವು. ಥೇಟ್ ಆಜಿ ಇಡುವ ಹಾಗೆಯೇ. ಪಕ್ಕದಲ್ಲಿ ಹಿಡಿಯಿದ್ದ ಒಂದು ಗಂಟೆ, ಗಾಜಿನ ಲೋಟದೊಳಗೆ ಉರಿಯುತ್ತಿರುವ ಬಿಳಿ ಮೇಣದ ಬತ್ತಿ.

"ಲೋಟಾನೂ ಕದ್ದಿದಾರೆ!" ವಾಷ್ಟಿ ಹಲ್ಲು ಕಡಿದಳು.

ಬಿದಿರನ್ನು ಎರಡೂ ಕೈಯಿಂದ ತಬ್ಬಿ ಅಲ್ಲಾಡಿಸಿದಳು. ಆಗ ತಾನೇ ನೆಟ್ಟ ಮಣ್ಣು, ಇನ್ನೂ ಹಸಿ. ಭುಜ ಕೊಟ್ಟು ತಳ್ಳಿದಳು. ಬಿದಿರು ಒಮ್ಮೆ ತೂಗಿತು, ಮತ್ತೊಮ್ಮೆ ವಾಲಿತು, ಆಮೇಲೆ ಅವಳ ಕೈ ತಪ್ಪಿ ಧಡಾರೆಂದು ಬಿತ್ತು. ಬಿದ್ದ ಹೊಡೆತಕ್ಕೆ ನಡುವೆ ಸೀಳು ಬಿಟ್ಟಿತು. ಲೋಟಾ ಮಗುಚಿ ನೀರು ಹರಿಯಿತು, ಗಾಜು ಒಡೆಯಿತು, ಗಂಟೆ ಟಣಟಣ ಎನ್ನುತ್ತಾ ಮೆಟ್ಟಿಲವರೆಗೂ ಉರುಳಿಹೋಯಿತು.

ಬಾಗಿಲು ತೆರೆಯಿತು. ತಲೆಗೆ ಬಿಳಿಯ ಬಟ್ಟೆ ಸುತ್ತಿ ಕಟ್ಟಿದ್ದ ಎತ್ತರದ ಮುದುಕಿ ಹೊರಗೆ ಬಂದರು. ಕ್ವೇಸಿಯ ಗ್ರ್ಯಾನಿ. ಅವರ ಚರ್ಚಿನವರು ಅವರನ್ನು ಮದರ್ ಐವಿ ಎನ್ನುತ್ತಿದ್ದರು. ಹಿಂದೆಯೇ ಕ್ವೇಸಿ, ಇನ್ನೂ ಯೂನಿಫಾರ್ಮಿನಲ್ಲೇ.

ಮದರ್ ಐವಿ ಬಿದ್ದ ಬಿದಿರನ್ನು ನೋಡಿದರು. ಕೆಸರಿಗೆ ಬಿದ್ದ ಕೆಂಪು ಬಟ್ಟೆಯನ್ನು ನೋಡಿದರು. ಆಮೇಲೆ ವಾಷ್ಟಿಯನ್ನು.

"ಇದು ನಮ್ಮ ಆಜೀದು!" ಅವರು ಕೇಳುವ ಮೊದಲೇ ವಾಷ್ಟಿ ಕೂಗಿದಳು. "ನೀವು ಕದ್ದಿದ್ದು!"

"ಕದ್ದಿದ್ದು," ಮದರ್ ಐವಿ ನಿಧಾನವಾಗಿ ಅಂದರು. ಅವರ ಮೂಗಿನ ಹೊಳ್ಳೆ ಅರಳಿತು. "ನಾನು ಕದ್ದೆ. ಹೌದಾ?"

"ನಾನು ಹೇಳಿದ್ನಲ್ಲ ಗ್ರ್ಯಾನಿ, ಮ್ಯಾಕ್ಸಿಯಲ್ಲೂ ಎಲ್ಲರ ಮುಂದೆ ಹೀಗೇ ಅಂದ್ಳು," ಎಂದ ಕ್ವೇಸಿ.  

ಮದರ್ ಐವಿ ಮೆಟ್ಟಿಲಿಳಿದು ಬಂದರು. "ಕೇಳು ಹುಡುಗಿ. ನಮ್ಮ ಚರ್ಚಿನವರೂ ಬಾವುಟ ನೆಟ್ಟೇ ಪ್ರಾರ್ಥನೆ ಮಾಡೋದು. ನಾವು ಮೊದಲಿದ್ದ ಊರಲ್ಲಿ ಒಬ್ಬ ನನ್ನ ಬಾವುಟಕ್ಕೆ ಬೆಂಕಿ ಹಚ್ಚಿದ. ಮಾಟ ಮಾಡ್ತೀನಂತೆ ನಾನು! ಇಲ್ಲಿ ಮನೆ ನೋಡೋಕೆ ಬಂದಾಗ ರಸ್ತೆ ಉದ್ದಕ್ಕೂ ಬಿದಿರು, ಬಾವುಟ. ಅಬ್ಬ, ಈ ಜನಕ್ಕೆ ನಾನು ಏನೂ ಬಿಡಿಸಿ ಹೇಳ್ಬೇಕಾಗಿಲ್ಲ ಅಂದ್ಕೊಂಡೆ. ಖುಷಿಯಾಗಿ ಗಂಟುಮೂಟೆ ಕಟ್ಕೊಂಡು ಬಂದೆ." ಅವರು ಒಂದು ಉಸಿರು ಎಳೆದುಕೊಂಡರು. "ಎತ್ತು. ಆ ತುದಿ ನೀನು ಹಿಡಿ, ಈ ತುದಿ ನಾನು. ನಡಿ ನಿಮ್ಮಜ್ಜಿ ಹತ್ರ. ಬೇಲಿ ಕಂಡೀಲಲ್ಲ, ಗೇಟಿನಿಂದ, ರಸ್ತೆ ಮೇಲೆ."

ಹೋದದ್ದು ಹಾಗೆಯೇ. ಮುಂದೆ ಮದರ್ ಐವಿ, ಹಿಂದೆ ವಾಷ್ಟಿ, ನಡುವೆ ಸೀಳಿದ ಬಿದಿರು. ಕೂಲ್‌ಡ್ರಿಂಕ್ಸ್ ಮಾರುವ ಪಾರ್ಲರ್ ಅಂಗಡಿಯ ಮುಂದೆ ಕುಳಿತಿದ್ದವರು ತಣ್ಣನೆಯ ಬಾಟಲಿಗಳನ್ನು ಬಾಯಿಂದ ತೆಗೆದು ನೋಡಿದರು. ವಾಷ್ಟಿ ತಲೆ ತಗ್ಗಿಸಲಿಲ್ಲ. ನೋಡಲಿ, ಎಲ್ಲರೂ ನೋಡಲಿ, ನಮ್ಮ ಝಂಡಿ ಮನೆಗೆ ಬರುತ್ತಿದೆ ಎಂದುಕೊಂಡಳು.

"ಗುಡ್ ಆಫ್ಟರ್‌ನೂನ್, ನೇಬರ್," ಮದರ್ ಐವಿ ಗೇಟಿನ ಹೊರಗೇ ನಿಂತು ಕೂಗಿದರು. "ಇದು ನಿಮ್ಮದಾ, ಸ್ವಲ್ಪ ನೋಡಿ ಹೇಳಿ."

ಆಜಿ ಹ್ಯಾಮಕ್‌ನಿಂದ ಎದ್ದು ಬಂದರು. ಬಿದಿರನ್ನು ಮುಟ್ಟಿದರು. ಬಟ್ಟೆಯನ್ನು ಎರಡು ಬೆರಳಿನಲ್ಲಿ ಹಿಡಿದು ತಿರುವಿ ನೋಡಿದರು.

"ಇದು ಹೊಸ ಬಟ್ಟೆ," ಎಂದರು. "ನನ್ನದು ಬಿಸಿಲಿಗೆ ಬಿಳಿಚ್ಕೊಂಡು ಗುಲಾಬಿ ಆಗಿತ್ತಲ್ಲೇ ವಾಷ್ಟಿ. ಮೂರು ಮೂಲೆದು. ದಿನಾ ನೋಡ್ತಿದ್ದೆಯಲ್ಲ!"

ವಾಷ್ಟಿ ನೋಡಿದಳು. ಆಗಷ್ಟೇ ಸರಿಯಾಗಿ ನೋಡಿದಳು. ಕೆಸರು ಮೆತ್ತಿದ್ದರೂ ಕಣ್ಣಿಗೆ ಹೊಡೆಯುವ ಕೆಂಪು. ನಾಲ್ಕು ಮೂಲೆ. ಮಡಿಸಿಟ್ಟ ಗೆರೆ ಸಹ ಇನ್ನೂ ಹೋಗಿರಲಿಲ್ಲ. ಹಿಡಿದಿದ್ದ ಬಿದಿರಿನ ತುದಿಯನ್ನು ಅವಳು ನೆಲಕ್ಕೆ ಇಳಿಸಿದಳು.

"ಯಾರಿಗೆ ಅಂತ ನೆಟ್ಟಿದ್ರಿ ನೇಬರ್?" ಆಜಿ ಮೆಲ್ಲಗೆ ಕೇಳಿದರು.

"ಮಗಳಿಗೆ. ಇವನ ತಾಯಿಗೆ. ಹಡಗಿನಲ್ಲಿ ಅಡುಗೆ ಕೆಲಸ ಅವಳಿಗೆ. ಬಿರುಗಾಳಿ ಕಾಲ ಶುರುವಾಯ್ತಲ್ಲ, ಅವಳು ನೀರಿನ ಮೇಲಿರ್ತಾಳೆ. ಬಾವುಟ ನಿಂತಿದ್ರೆ ನನಗೆ ನಿದ್ದೆ ಬರುತ್ತೆ."

ಕ್ವೇಸಿ ಗೇಟಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ.

ಆಜಿ ವಾಷ್ಟಿಯ ಕಡೆ ತಿರುಗಿದರು. ವಾಷ್ಟಿ ಹುಟ್ಟಿದಾಗಿನಿಂದ ಆಜಿ ಅವಳ ಮೇಲೆ ದನಿ ಎತ್ತಿದವರಲ್ಲ. ಈಗ ಎತ್ತಿದರು.

"ನಿಂತ ಝಂಡೀನ ಮನುಷ್ಯರ ಕೈ ಕೀಳಬಾರದು ಅಂತ ಗೊತ್ತಿಲ್ವಾ ನಿನಗೆ? ನನ್ನದನ್ನ ಯಾರೋ ಕಿತ್ರು ಅಂತ ನಾನು ಇಲ್ಲಿ ಸಾಯ್ತಿದ್ರೆ, ನೀನು ಹೋಗಿ ಇನ್ನೊಬ್ಬಳದ್ದನ್ನ ಕಿತ್ಕೊಂಡು ಬಂದ್ಯಾ? ಇವರು ಕದ್ರು ಅಂತ ಯಾರೇ ಹೇಳಿದ್ದು ನಿನಗೆ?"

"ಡ್ಯಾಡಿ!"

ಅದೇ ಹೊತ್ತಿಗೆ ಡ್ಯಾಡಿಯ ಬಿಳಿ ಕಾರು ಬಂದು ನಿಂತಿತು. ಡ್ಯಾಡಿ ಕೀ ಬೀಸಿಕೊಂಡು ಇಳಿದವರು, ಗೇಟಿನಲ್ಲಿದ್ದ ಗುಂಪು ನೋಡಿ ಅಲ್ಲೇ ನಿಂತರು.

"ಏನು ಗಲಾಟೆ?"

"ಇವರು ಝಂಡಿ ಕದ್ರು ಅಂತ ನೀನು ಹೇಳಿದ್ಯಂತೆ," ಎಂದರು ಆಜಿ.

"ನಾನಾ? ನಾನೆಲ್ಲಿ ಹಾಗಂದೆ?" ಡ್ಯಾಡಿಯ ಮುಖ ಕೆಂಪಾಯಿತು. "ಸಾರಿ ಮದರ್, ಮಗು ಏನೋ ತಪ್ಪು ತಿಳ್ಕೊಂಡಿದೆ. ವಾಷ್ಟಿ! ಮೊದಲು ಸಾರಿ ಕೇಳು! ರಸ್ತೆ ತುಂಬ ನನ್ನ ಮಾನ ಕಳೆದ್ಯಲ್ಲ!"

"ನೀನೇ ಅಂದಿದ್ದು! ಎಂಥೆಂಥೋರೋ ಬಂದು ಸೇರಿದಾರೆ ಅಂದೆ! ಅವರ ಬೇಲಿ ಕಡೆ ನೋಡ್ಕೊಂಡು ಅಂದೆ!"

"ಬಾಯಿ ಮುಚ್ಚು!"

 'ಎಂಥೆಂಥೋರು' ಎಂಬ ಮಾತು ಕೇಳಿದ ಮದರ್ ಐವಿ ಡ್ಯಾಡಿಯನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ಅಳೆದರು. ಮದರ್ ಐವಿಯ ಮುತ್ತಜ್ಜಂದಿರೂ ಈ ದ್ವೀಪಕ್ಕೆ ಹಡಗಿನಲ್ಲೇ ಬಂದವರು, ಆಫ್ರಿಕದಿಂದ. ಡ್ಯಾಡಿಯ ಮುತ್ತಜ್ಜಂದಿರು ಭಾರತದಿಂದ ಬರುವುದಕ್ಕಿಂತ ಎಷ್ಟೋ ಮೊದಲು. ಇದು ಡ್ಯಾಡಿಗೂ ಗೊತ್ತಿತ್ತು.

ವಾಷ್ಟಿ ಅಲ್ಲಿ ನಿಲ್ಲಲಿಲ್ಲ. ಓಡಿದಳು. ಯಾರೂ ಬರಬಾರದು, ಯಾರೂ ಮುಖ ನೋಡಬಾರದು, ಅಂಥ ಜಾಗ ಬೇಕಿತ್ತು. ಶೆಡ್‌ನ ಕೆಳಗೆ ಹೋಗಬೇಡಿ ಎಂದು ಡ್ಯಾಡಿ ಶನಿವಾರದಿಂದ ಹಗ್ಗ ಕಟ್ಟಿದ್ದರು. ಮೇಲೆ ಹಸಿ ಕಾಂಕ್ರೀಟು, ಅದನ್ನು ಹೊತ್ತ ಹಲಗೆಗಳು, ಹಲಗೆಗಳ ಅಡಿಗೆ ಸಾಲು ಸಾಲಾಗಿ ಕೊಟ್ಟ ಬಿದಿರಿನ ಆಸರೆ ಕಂಬಗಳು. ವಾಷ್ಟಿ ಹಗ್ಗದಡಿ ನುಸುಳಿ, ಮೂಲೆಯ ಕಂಬಕ್ಕೆ ಬೆನ್ನು ಕೊಟ್ಟು ಕುಳಿತು, ಮಂಡಿಯಲ್ಲಿ ಮುಖ ಹುದುಗಿಸಿದಳು. ಅಳು ಬರುತ್ತಿತ್ತು. ಅತ್ತರೆ ಸಿಟ್ಟು ಹೋಗಿಬಿಡುತ್ತದಲ್ಲ ಎಂದು ಅದಕ್ಕೂ ಸಿಟ್ಟು ಬರುತ್ತಿತ್ತು.

ಬೆನ್ನಿಗೆ ಏನೋ ಒತ್ತುತ್ತಿತ್ತು. ಸರಿದು ಕುಳಿತಳು. ಮತ್ತೆ ಒತ್ತಿತು. ತಿರುಗಿ ನೋಡಿದಳು.

ಬಿದಿರಿಗೆ ಸುತ್ತಿದ ದಾರ. ಒಂದು ಕಾಲಕ್ಕೆ ಕೆಂಪಾಗಿದ್ದದ್ದು, ಈಗ ಸಿಮೆಂಟಿನ ಧೂಳು ಕುಡಿದು ಬೂದಿಯಾಗಿತ್ತು. ಅದರ ನಡುವೆ ಪೋಲೂರಿಯಷ್ಟು ದಪ್ಪದ ಒಂದು ಗಂಟು.

ಅದನ್ನು ಕಟ್ಟಿದವಳಿಗೆ ಅದರ ಗುರುತು ಹತ್ತದಿರುತ್ತದೆಯೇ? ಅವಳ ಹಲ್ಲಿನ ಗುರುತೇ ಅದರ ಮೇಲಿತ್ತು.

"ಆಜಿ," ಎಂದಳು ವಾಷ್ಟಿ. ಕೂಗಬೇಕೆಂದುಕೊಂಡಿದ್ದಳು, ದನಿ ಸಣ್ಣಗೆ ಬಂತು. "ಆಜಿ, ಇಲ್ಲಿ ಬಾ. ನಿನ್ನ ಝಂಡಿ ಇಲ್ಲಿದೆ."

ಎಲ್ಲರೂ ಬಂದು ಹಗ್ಗದ ಹತ್ತಿರ ನಿಂತರು. ಡ್ಯಾಡಿ ಎಲ್ಲರಿಗಿಂತ ಹಿಂದೆ. ಆಜಿ ಬಗ್ಗಿ, ಕಣ್ಣು ಕಿರಿದು ಮಾಡಿ, ದಾರವನ್ನು ನೋಡಿದರು. 

"ಖೇಮ್."

"ಮಾ, ಒಂದು ಬಿದಿರು ಕಮ್ಮಿ ಬಿತ್ತು," ಡ್ಯಾಡಿ ಟೋಪಿ ತೆಗೆದು ಕೈಯಲ್ಲಿ ಹಿಂಡತೊಡಗಿದರು. "ಕಾಂಕ್ರೀಟು ಸುರಿದಾಗಿತ್ತು. ಆ ಮೂಲೇಲಿ ಹಲಗೆ ಬಾಗೋಕೆ ಶುರುವಾಯ್ತು. ಕೆಲಸದವರು ಬಿದಿರು ಕೊಡಿ, ಬಿದಿರು ಕೊಡಿ ಅಂತ ಕೂಗ್ತಿದ್ರು. ಎದುರಿಗೆ ಅದು ನಿಂತಿತ್ತು. ಹೇಗೂ ಬಣ್ಣ ಹೋಗಿತ್ತು... ಇವತ್ತೋ ನಾಳೆಯೋ ತಾನೇ ಬೀಳ್ತಿತ್ತು..."

"ಹಾಗಂತ ನನಗೆ ಹೇಳ್ಬಹುದಿತ್ತಲ್ಲ."

"ಬಾಯಿ ಬರ್ಲಿಲ್ಲ ಮಾ."

"ಪಕ್ಕದ ಮನೆ ಕಡೆ ನೋಡೋಕೆ ಕಣ್ಣು ಬಂತು!" ಆಜಿಯ ದನಿ ಶೆಡ್‌ನೊಳಗೆ ಗುಂಯ್‌ಗುಟ್ಟಿತು. "ಭಾನುವಾರದಿಂದ ನಾನು ಊಟ ಬಿಟ್ಟು ಕೂತಿದ್ದು ನೋಡ್ತಿದ್ದೆ. ನಿನ್ನ ಮಗಳು ಉರ್ಕೊಂಡು ಓಡಾಡಿದ್ದು ನೋಡ್ತಿದ್ದೆ. ನಿಮ್ಮಪ್ಪ ಕುಂಟ್ಕೊಂಡು ಹೋಗಿ ತಂದ ಬಿದಿರು ಕಣೋ ಇದು! ಈಗ ನಿನ್ನ ಕಾರಿಗೆ ಸೂರು ಹೊತ್ಕೊಂಡು ನಿಂತಿದೆ!"

ವಾಷ್ಟಿ ಆ ಬಿದಿರನ್ನು ಎರಡೂ ಕೈಯಿಂದ ಹಿಡಿದಳು. ಕಿತ್ತು ಎಸೆಯಬೇಕು ಅನ್ನಿಸಿತು. ಶೆಡ್ ಬೀಳಲಿ, ಕಾರೂ ಬೇಡ, ಏನೂ ಬೇಡ.

"ಮುಟ್ಬೇಡ!" ಡ್ಯಾಡಿ ಹಗ್ಗ ಹಾರಿ ಬಂದು ಅವಳನ್ನು ಎಳೆದುಕೊಂಡರು. "ತಲೆ ಮೇಲೆ ಬೀಳುತ್ತೆ!"  ವಾಷ್ಟಿ ಅವರ ಕೈಯನ್ನು ಕೊಡವಿಕೊಂಡಳು.

"ಬಿಡು ಬೇಟಿ," ಎಂದರು ಆಜಿ. "ಸೂರು ಗಟ್ಟಿಯಾಗೋವರೆಗೆ ಅದು ಅಲ್ಲೇ ಇರ್ಲಿ. ದಿನಾ ಬರ್ತಾ ಹೋಗ್ತಾ ನಿಮ್ಮಪ್ಪ ನೋಡ್ಲಿ. ಬಟ್ಟೆ ಎಲ್ಲೋ ಖೇಮ್?"

ಡ್ಯಾಡಿ ಕಾರಿನ ಡಿಕ್ಕಿ ತೆಗೆದರು. ಎಸೆಯಲು ಅವರಿಗೂ ಧೈರ್ಯ ಸಾಲದೆ, ಒಂದು ಒಗೆದ ಟವೆಲಿನಲ್ಲಿ ಸುತ್ತಿ ಇಟ್ಟಿದ್ದರು. ಬಣ್ಣ ಬಿಟ್ಟ, ಅಂಚು ಹರಿದ, ಮೂರು ಮೂಲೆಯ ಬಟ್ಟೆ. ಆಜಿ ಅದನ್ನು ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಸೀರೆಗಿಂತ ಹೆಚ್ಚು ಜೋಪಾನವಾಗಿ ಮಡಿಸಿ, ಓಢ್ನಿಯ ಸೆರಗಿನಲ್ಲಿ ಕಟ್ಟಿಕೊಂಡರು.

"ನನ್ನದು ಆಯ್ತು. ಇದನ್ನ ಸಮುದ್ರಕ್ಕೆ ಬಿಡ್ತೀನಿ," ಎಂದರು. "ಈಗ ನೇಬರ್‌ದು ಕತ್ತಲಾಗೋ ಮುಂಚೆ ನಿಲ್ಬೇಕು. ಆ ಬಿದಿರು ಸೀಳಿಹೋಗಿದೆ, ಹೊಸದು ಬೇಕು. ಕಿತ್ತೋಳು ಹೋಗಿ ತರ್ಲಿ. ಕಿತ್ತೋನೂ ಹೋಗ್ಲಿ."

ಡ್ಯಾಡಿ ಮಚ್ಚು ತೆಗೆದುಕೊಂಡರು. ವಾಷ್ಟಿ ಅವರ ಹಿಂದೆ ನಡೆದಳು. "ನಮ್ಮ ಬಾವುಟಕ್ಕೆ ತಾನೇ? ನಾನೂ ಬರ್ತೀನಿ. ನೇರ ಇಲ್ದೇ ಇರೋದನ್ನ ತರ್ತೀರಿ ನೀವು," ಎಂದು ಕ್ವೇಸಿಯೂ ಹೊರಟ. ಇಬ್ಬರ ಜೊತೆಗೂ ಸೇರದೆ, ಒಬ್ಬನೇ ಮುಂದೆ ಮುಂದೆ ಹೋದ.

ನದಿಯಂಚಿನ ಮೆಳೆಯಲ್ಲಿ ಬಿದಿರುಗಳು ಒಂದಕ್ಕೊಂದು ಉಜ್ಜಿಕೊಂಡು ಕಿರ್ ಕಿರ್ ಎನ್ನುತ್ತಿದ್ದವು. ಕ್ವೇಸಿ ಕತ್ತೆತ್ತಿ ಒಂದೊಂದನ್ನೇ ನೋಡುತ್ತಿದ್ದ.

"ವಾಷ್ಟಿ," ಡ್ಯಾಡಿ ಮೆಲ್ಲಗೆ ಅಂದರು, "ನಾನು ಅವರು ಕದ್ರು ಅಂತ ಬಾಯಿ ಬಿಟ್ಟು ಹೇಳ್ಲಿಲ್ಲ ಕಣೇ. ಏನೂ ಹೇಳ್ಲಿಲ್ಲ, ಅಷ್ಟೇ."

"ನೀನು ನೋಡಿದೆ," ಎಂದಳು ವಾಷ್ಟಿ. "ಬೇಲಿ ಕಡೆ ನೋಡಿದೆ."

ಡ್ಯಾಡಿ ಮಚ್ಚು ಎತ್ತಿದರು. ಕ್ವೇಸಿ ತೋರಿಸಿದ ಬಿದಿರನ್ನು ಕಡಿಯತೊಡಗಿದರು. 

ನೆಡುವಾಗ ಮದರ್ ಐವಿ ಒಗೆದ ಬಾವುಟವನ್ನು ತಾವೇ ಕಟ್ಟಿದರು. ಆಜಿ ತಮ್ಮ ಮನೆಯ ಲೋಟಾದಲ್ಲಿ ನೀರು ತಂದು ನಿಂತಿದ್ದರು. ಡ್ಯಾಡಿ ಗೇಟಿನ ಹತ್ತಿರವೇ ಟೋಪಿ ಹಿಡಿದು ನಿಂತು, "ನನ್ನ ತಪ್ಪು, ಮದರ್," ಎಂದರು. ಮದರ್ ಐವಿ, "ಕೇಳಿಸ್ತು," ಎಂದರು, ಒಳಗೆ ಬಾ ಎನ್ನಲಿಲ್ಲ.

"ನೆಟ್ಟಗೆ ಹಿಡಿ," ಎಂದರು ವಾಷ್ಟಿಗೆ. "ನಿನ್ನ ಹತ್ರ ನಗ್ತಾ ಮಾತಾಡ್ತಿಲ್ಲ ಯಾಕೆ ಗೊತ್ತಾ? ನನ್ನ ಸಿಟ್ಟು ಇನ್ನೂ ಹೋಗಿಲ್ಲ."

"ನಂದೂ ಹೋಗಿಲ್ಲ."

"ಯಾರ ಮೇಲೆ?"

ವಾಷ್ಟಿ ಬಿದಿರನ್ನು ಹಿಡಿದುಕೊಂಡೇ ಯೋಚಿಸಿದಳು. ಡ್ಯಾಡಿಯ ಮೇಲೆ. ಹೌದು. ಆದರೆ ಅಷ್ಟೇ ಅಲ್ಲ. ಅವಳು ಬಿದಿರನ್ನು ಇನ್ನಷ್ಟು ನೆಟ್ಟಗೆ ಹಿಡಿದಳು. ಮದರ್ ಐವಿ ಗಂಟೆ ಎತ್ತಿ ಬಾರಿಸಿದರು. ಕ್ವೇಸಿ ಬುಡಕ್ಕೆ ಮಣ್ಣು ತುಂಬಿ ಕಾಲಿನಿಂದ ತುಳಿದು ಗಟ್ಟಿ ಮಾಡಿದ, ಬೇಕಾದದ್ದಕ್ಕಿಂತ ಜೋರಾಗಿಯೇ ತುಳಿದ.

ಮಾರನೆಯ ಬೆಳಗ್ಗೆ ವಾಷ್ಟಿ ಮ್ಯಾಕ್ಸಿ ಹತ್ತಿದಾಗ ಕ್ವೇಸಿ ಆಗಲೇ ಬಾಗಿಲ ಪಕ್ಕದ ಸೀಟಿನಲ್ಲಿದ್ದ. ತನ್ನ ಪಕ್ಕದ ಜಾಗದಲ್ಲಿ ಬ್ಯಾಗು ಇಟ್ಟುಕೊಂಡಿದ್ದ. ಉಳಿದ ಸೀಟುಗಳು ತುಂಬಿದ್ದವು.

"ಏನು ಪೊಲೀಸಮ್ಮ!" ಬೂಧು ಅಂಕಲ್ ಕನ್ನಡಿಯಲ್ಲಿ ನೋಡಿ ನಕ್ಕರು. "ಕಳ್ಳ ಸಿಕ್ಕಿದ್ನಾ? ಹಾರನ್ ಹೊಡೀಲಾ?"

ಮ್ಯಾಕ್ಸಿಯೊಳಗೆ ಗುಸುಗುಸು ನಿಂತಿತು. ಒಬ್ಬರಾದ ಮೇಲೆ ಒಬ್ಬರು ಎಲ್ಲರೂ ಕ್ವೇಸಿಯ ಕಡೆಗೆ ನೋಡಿದರು. ಯಾರೂ ಏನೂ ಹೇಳಲಿಲ್ಲ. ಸುಮ್ಮನೆ ನೋಡಿದರು, ಅಷ್ಟೇ. ಕ್ವೇಸಿ ತನ್ನ ಶೂ ನೋಡುತ್ತಿದ್ದ.

ಆ ನೋಟವನ್ನು ವಾಷ್ಟಿ ಬಲ್ಲಳು. ಭಾನುವಾರ ಸಂಜೆ ಡ್ಯಾಡಿ ಬೇಲಿಯ ಕಡೆಗೆ ನೋಡಿದ್ದು ಹೀಗೆಯೇ.

ಅವಳ ಕಿವಿ ಬಿಸಿಯಾಯಿತು. ಕೆನ್ನೆಯೂ ಬಿಸಿಯಾಯಿತು. 'ಗಾಳಿಗೆ ಬಿದ್ದಿತ್ತು ಅಂಕಲ್' ಎಂದರೆ ಮುಗಿಯುತ್ತಿತ್ತು. ಸುಮ್ಮನೆ ನಿಂತರೂ ಮುಗಿಯುತ್ತಿತ್ತು.

"ಸಿಕ್ಕಿದ್ರು ಅಂಕಲ್," ಎಂದಳು. "ಇಬ್ರು."

"ಇಬ್ರಾ! ಯಾರ್ಯಾರು?"

"ನಮ್ಮನೆ ಝಂಡಿ ಕಿತ್ತೋರು ನಮ್ಮನೇಲೇ ಇದ್ರು."  ಹಿಂದಿನ ಸೀಟಿಗೂ ಕೇಳಬೇಕೆಂದು ದನಿ ಎತ್ತರಿಸಿದಳು. "ಇವರ ಮನೇದು ಕಿತ್ತಿದ್ದು ನಾನು."

ಬೂಧು ಅಂಕಲ್ ಹಾರನ್ ಹೊಡೆಯಲಿಲ್ಲ. ಸುಮ್ಮನೆ ಗೇರು ಹಾಕಿದರು.

ಕ್ವೇಸಿ ಪಕ್ಕದಲ್ಲಿದ್ದ ಬ್ಯಾಗನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ. ಅವಳ ಕಡೆಗೆ ಮಾತ್ರ ತಿರುಗಲಿಲ್ಲ. ವಾಷ್ಟಿ ಹೋಗಿ ಅಲ್ಲಿ ಕುಳಿತಳು.